ಹಾಸಿಗೆ ಸಾಬರ ಆರು ಪ್ಲೇಟುಗಳು

ಕಳೆದ ತಿಂಗಳು ನಾಗಮಂಗಲದ ಅಂಚೆ ಕಚೇರಿಯಲ್ಲಿ ಯಾರೋ ಪಾರ್ಸೆಲ್ಲಿಗೆ ಮೊಹರು ಮಾಡಲು ಅರಗು ಕಾಯಿಸುತ್ತಿದ್ದರು. ಕೆಂಪು ಕಡ್ಡಿ ಕರಗಿ ಹೊಗೆ ಎದ್ದಾಗ ನಾನು ಬಂದ ಕೆಲಸ ಮರೆತು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಹಳೆಯ ಗ್ರಾಮಫೋನ್ ಪ್ಲೇಟುಗಳು ಅರಗಿನವು. ಬೇಸಿಗೆಯ ಮಧ್ಯಾಹ್ನ ತಗಡಿನ ಪೆಟ್ಟಿಗೆಯಲ್ಲಿಟ್ಟ ಪ್ಲೇಟುಗಳಿಗೆ ಹೆಚ್ಚುಕಡಿಮೆ ಇದೇ ವಾಸನೆ ಬರುತ್ತಿತ್ತು. ಆ ಪೆಟ್ಟಿಗೆಯನ್ನು ನಾನು ಕಂಡದ್ದು ಒಂದೇ ಮನೆಯಲ್ಲಿ, ಕೆ.ಆರ್. ಪೇಟೆಯ ಹಾಸಿಗೆ ಸಾಬರ ಮನೆಯಲ್ಲಿ...

ನಲವತ್ತು ವರ್ಷಕ್ಕೂ ಹಿಂದಿನ ಮಾತು. ಆ ಊರಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಮೊದಲ ಸಲ ಕೆಲಸಕ್ಕೆ ಸೇರಿದ್ದೆ. ಮದುವೆಯಾಗಿರಲಿಲ್ಲ. ಬಾಡಿಗೆಗೆ ಸಿಕ್ಕಿದ್ದ ಕೋಣೆಗೂ ಸಾಬರ ಮನೆಗೂ ನಡುವೆ ಒಂದೇ ಗೋಡೆ. ಅವರು ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದರು. ಅರವತ್ತು ದಾಟಿತ್ತೇನೋ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹಗಲೆಲ್ಲ ಹತ್ತಿ ಹಿಂಜುವ ಬಿಲ್ಲಿನ ಡೊಂಯ್ ಡೊಂಯ್ ಸದ್ದು. ಸಂಜೆ ಕೈಕಾಲು ತೊಳೆದು, ಗಡ್ಡದಲ್ಲಿ ಸಿಕ್ಕಿದ ಹತ್ತಿ ತೆಗೆದು, ಅವರು ಗ್ರಾಮಫೋನಿಗೆ ಕೀಲಿ ಕೊಡುತ್ತಿದ್ದರು.

ಮೊದಲ ದಿನ ನನಗೆ ಆಶ್ಚರ್ಯವಾಯಿತು. ನಾನು ಉರ್ದು ಗಜಲಿಗೆ ಕಾದಿದ್ದೆ. ಕೇಳಿಸಿದ್ದು ಗಿಟಾರು, ಪಿಟೀಲು, ತಂತಿಯ ಮೇಲೆ ಜಾರುತ್ತ ಅಳುವಂತಹ ಇನ್ನೊಂದು ವಾದ್ಯ, ಅದರ ಮೇಲೆ ಮೂಗಿನಿಂದ ಹಾಡುವ ಒಬ್ಬ ಬಿಳಿಯನ ಗಂಟಲು. ಏರುವಾಗ ಆ ಗಂಟಲು ನಡುವೆ ಮುರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ಅವು ಅಮೆರಿಕದ ಹಳ್ಳಿಗಾಡಿನವರ ಹಾಡುಗಳು. ಅವಕ್ಕೆ ಕಂಟ್ರಿ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಸಾಬರು ಹುಡುಗುತನದಲ್ಲಿ ಪಾಂಡವಪುರದ ಕಡೆ ಯಂತ್ರ ಕೂರಿಸಲು ಬಂದಿದ್ದ ಒಬ್ಬ ಅಮೆರಿಕದ ಎಂಜಿನಿಯರಿಗೆ ಅಡುಗೆ ಮಾಡಿಕೊಂಡಿದ್ದರಂತೆ. ಊರಿಗೆ ಹೊರಟಾಗ ಆತ ಗ್ರಾಮಫೋನನ್ನೂ ಆರು ಪ್ಲೇಟುಗಳನ್ನೂ ಇವರಿಗೆ ಕೊಟ್ಟು ಹೋದ. ಐದನ್ನು ಸಾಬರು ಆಗೀಗ ಹಾಕುತ್ತಿದ್ದರು. ಆರನೆಯದು ಮಾತ್ರ ದಿನವೂ ಬೇಕು, ಅದೂ ಕೊನೆಯಲ್ಲಿ.

ಒಂದು ಭಾನುವಾರ ಅವರು ಬಾಗಿಲ ಬಳಿ ಬಂದು ನಿಂತರು.

“ಟೀಚರಮ್ಮ, ನೀವು ಇಂಗ್ಲೀಸು ಯೋಳ್ಕೊಡೋರು. ಪ್ಲೇಟ್ನಲ್ಲಿ ಇವ್ನು ಏನ್ ಯೋಳ್ತಾವ್ನೆ ಅಂತ ಒಸಿ ಕೇಳಿ ಯೋಳ್ತೀರಾ? ಇಷ್ಟು ವರ್ಸದಿಂದ ಕೇಳ್ತಾ ಇವ್ನಿ, ಒಂದಕ್ಸರ ಗೊತ್ತಿಲ್ಲ.”

ಒಪ್ಪಿಕೊಂಡೆ. ಕುಳಿತು ಕೇಳಿದರೆ ನನಗೂ ಒಂದಕ್ಷರ ತಿಳಿಯಲಿಲ್ಲ. ನಾನು ಕಲಿತ ಇಂಗ್ಲಿಷೇ ಬೇರೆ, ಇವನ ಬಾಯಲ್ಲಿ ಹೊರಳುತ್ತಿದ್ದುದೇ ಬೇರೆ. ನಾಚಿಕೆಯಾಯಿತು. ಆಮೇಲೆ ಪ್ರತಿ ಭಾನುವಾರ ಪೆನ್ಸಿಲು ಹಿಡಿದು ಹೋಗಿ, ಒಂದೊಂದೇ ಮಾತನ್ನು ಹೆಕ್ಕಿ ಬರೆದುಕೊಂಡೆ. ಒಂದರಲ್ಲಿ ಜೈಲಿನಿಂದ ತಾಯಿಗೆ ಕಾಗದ, ಒಂದರಲ್ಲಿ ಮಳೆಗೆ ಕೊಚ್ಚಿಹೋದ ಸೇತುವೆ. ಒಬ್ಬ ಹೆಂಗಸು ಹಾಡಿದ್ದರಲ್ಲಿ ಗಂಡನ ಹಳೆಯ ಟೋಪಿ. ಹೇಳುತ್ತ ಹೋದಂತೆ ಸಾಬರು ತಲೆದೂಗುತ್ತಿದ್ದರು. “ನಮ್ಮಂಗೇ ಅವ್ರೆ ಬುಡಿ ಅವ್ರೂವೆ,” ಎನ್ನುತ್ತಿದ್ದರು.

ಆರನೆಯ ಪ್ಲೇಟಿನ ಸರದಿ ಬಂದಾಗ ಅವರೇ ಹೇಳಿದರು. “ಇದರ ಅರ್ಥ ನಂಗೊತ್ತು. ನಮ್ಮ ಮನೇವ್ಳು ಯೋಳಿದ್ಲು. ಗಂಡ ದೂರದಿಂದ ಬಂದು, ಬಂದಿವ್ನಿ ಕಣೆ, ಬಾಗ್ಲು ತೆಗಿ ಅಂತಾವ್ನೆ. ಅಲ್ವಾ ಟೀಚರಮ್ಮ?”

ನನಗೆ ಎರಡು ವಾರ ಹಿಡಿಯಿತು. ಹಾಡಿನಲ್ಲಿದ್ದುದು ಅದಲ್ಲ. ಹೆಂಡತಿ ಮಲಗಿರುವಾಗ ಒಬ್ಬ ಬೆಳಗಿನ ರೈಲು ಹತ್ತಿ ಹೋಗುತ್ತಾನೆ. ಅವಳದೇನೂ ತಪ್ಪಿಲ್ಲ, ಇವನಿಗೇ ಒಂದೆಡೆ ಕಾಲು ನಿಲ್ಲುವುದಿಲ್ಲ. ನನಗಾಗಿ ಕಾಯಬೇಡ ಎನ್ನುತ್ತಾನೆ. ಇಪ್ಪತ್ತಮೂರರ ವಯಸ್ಸು ನನಗೆ. ತಿಳಿದದ್ದನ್ನು ತಿಳಿದಂತೆ ಹೇಳುವುದೇ ದೊಡ್ಡ ಗುಣವೆಂದುಕೊಂಡಿದ್ದೆ. ಹಾಗೆಯೇ ಹೇಳಿದೆ.

“ವಾಪಸ್ ಬರಾಕಿಲ್ವಾ ಅವ್ನು?”

“ಇಲ್ಲ ಸಾಬರೆ. ಬರಲ್ಲ ಅಂತಲೇ ಹಾಡು ಮುಗಿಯೋದು.”

“ಅಂಗಾ,” ಎಂದರು. ಗ್ರಾಮಫೋನಿನ ಮುಳ್ಳನ್ನು ಮೆಲ್ಲಗೆ ಎತ್ತಿಟ್ಟರು.

ಮರುದಿನದಿಂದ ಗೋಡೆಯಾಚೆ ಸಂಜೆಗಳು ಸುಮ್ಮನಾದವು. ಹಗಲು ಬಿಲ್ಲಿನ ಸದ್ದು, ಆಮೇಲೆ ಏನೂ ಇಲ್ಲ. ಮೂರು ವಾರ ಕಳೆಯಿತು. ಆ ಮೌನದಲ್ಲಿ ಕಾಪಿ ಪುಸ್ತಕ ತಿದ್ದುತ್ತ ಕೂರುವುದು ನನ್ನಿಂದಾಗಲಿಲ್ಲ. ಕೊನೆಗೆ ಹೋಗಿ, ನಾನು ತಪ್ಪು ಕೇಳಿಸಿಕೊಂಡಿದ್ದೆ, ನಿಮ್ಮ ಮನೆಯವರು ಹೇಳಿದ್ದೇ ಸರಿ ಎಂದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಿ ನಕ್ಕರು.

“ಬುಡಿ ಬೇಟಿ. ಸುಳ್ಳು ಯೋಳಾಕೆ ನಿಮ್ಗೆ ಬರಾಕಿಲ್ಲ.”

ಆಮೇಲೆ ತಾವಾಗಿಯೇ ಹೇಳಿದರು. ಮದುವೆಯಾದ ಹೊಸತರಲ್ಲಿ, ಜಗಳವಿಲ್ಲ, ಕದನವಿಲ್ಲ, ಒಂದು ದಿನ ಹೆಂಡತಿಯನ್ನು ಬಿಟ್ಟು ಬೊಂಬಾಯಿಗೆ ಹೊರಟುಹೋಗಿದ್ದರಂತೆ. ಎರಡು ವರ್ಷ ಕಾಗದವಿಲ್ಲ. ಹೆಂಡತಿ ಇವರ ಅಪ್ಪನ ಜೊತೆ ಹಾಸಿಗೆ ಹೊಲಿದುಕೊಂಡು ಇದೇ ಮನೆಯಲ್ಲಿದ್ದರು.

“ಆ ಎಲ್ಡು ವರ್ಸ ಅವ್ಳು ದಿನಾ ಈ ಪ್ಲೇಟೇ ಆಕೋಳಂತೆ, ಅಕ್ಕಪಕ್ಕದೋರು ಯೋಳಿದ್ರು. ನಾನು ಬಂದು ಬಾಗ್ಲು ಬಡ್ದೆ. ತೆಗುದ್ಲು. ಎಲ್ಲಿಗೋಗಿದ್ರಿ ಅಂತ ಒಂದ್ ಮಾತು ಕೇಳ್ನಿಲ್ಲ. ಉಣ್ಣಾಕಿಕ್ಕಿ, ಈ ಪ್ಲೇಟಾಕಿ, ಕೇಳಿ, ಇವ್ನು ಬಂದಿವ್ನಿ ಬಾಗ್ಲು ತೆಗಿ ಅಂತಾವ್ನೆ ಅಂದ್ಲು.”

ಪೋಣಿಸಿದ ದಾರಕ್ಕೆ ಗಂಟು ಹಾಕಿದರು. “ಅವ್ಳಿಗೂ ಇಂಗ್ಲೀಸು ಬರ್ತಿರ್ನಿಲ್ಲ. ಆದ್ರೆ ಆ ದನಿ ಕೇಳಿದ್ರೆ ಯಾರ್ಗಾದ್ರೂ ಗೊತ್ತಾಯ್ತದೆ, ಇವ್ನು ಓಗೋನು, ಬರೋನಲ್ಲ ಅಂತ. ನಾನೇ ಕಿವಿಗಾಕೊಳ್ನಿಲ್ಲ. ಅವ್ಳಿಗೆ ಗೊತ್ತಿತ್ತು ಬೇಟಿ. ನಂಗೋಸ್ಕರ ತಿರುಗ್ಸಿ ಯೋಳಿದ್ಲು. ನಾನು ತಪ್ಪಾಯ್ತು ಅಂತ ಒಂದಿನಾನೂ ಅನ್ನಿಲ್ಲ. ನನ್ ಬದ್ಲು ಈ ಪ್ಲೇಟೇ ದಿನಾ ಯೋಳ್ತದಲ್ಲ, ನಾನ್ಯಾಕೆ ಯೋಳ್ಲಿ ಅಂತ ಇದ್ಬುಟ್ಟೆ. ಈಗ ನೋಡುದ್ರೆ ಅದು ಯೋಳೇ ಇಲ್ಲ.”

ನಾನು ಎದ್ದು ಬಂದೆ.

ಆ ಶುಕ್ರವಾರ ಅವರು ಬಿಲ್ಲು ಮುಟ್ಟಲಿಲ್ಲ. ಒಗೆದ ಬಟ್ಟೆ ಉಟ್ಟು, ನಮಾಜು ಮುಗಿಸಿ, ಸಿಂಧಘಟ್ಟದ ಬಸ್ಸು ಹತ್ತಿದ್ದನ್ನು ಕಂಡವರು ಹೇಳಿದರು. ಅದು ಅವರ ಹೆಂಡತಿಯ ತವರು, ಮಣ್ಣು ಮಾಡಿದ್ದೂ ಅಲ್ಲೇ. ಸಂಜೆ ನಾನು ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಾಗ ಹಿಂದಿರುಗಿದರು. ಮುಖದ ಮೇಲೆ ಬಸ್ಸಿನ ಧೂಳು, ಕಣ್ಣು ಕೆಂಪಗಿತ್ತು. ನನ್ನ ಮುಂದೆ ಒಂದು ಗಳಿಗೆ ನಿಂತರು.

“ಯೋಳ್ಬುಟ್ಟು ಬಂದೆ,” ಎಂದರು. ಅಷ್ಟೇ.

ಮಾರನೆಯ ದಿನ ಗೋಡೆಯಾಚೆ ಆರನೆಯ ಪ್ಲೇಟು ಮತ್ತೆ ತಿರುಗಿತು. ಆ ಗಂಟಲು ಎಂದಿನಂತೆ ನಡುವೆ ಮುರಿಯಿತು. ನನಗೆ ಅಳು ಬಂತು. ಯಾರಿಗಾಗಿ ಅಳುತ್ತಿದ್ದೇನೆಂದು ಸರಿಯಾಗಿ ತಿಳಿಯಲಿಲ್ಲ...

ಮರುವರ್ಷ ನನಗೆ ಪಾಂಡವಪುರಕ್ಕೆ ವರ್ಗವಾಯಿತು. ಹೊರಡುವಾಗ ಅವರು ಒಂದು ದಿಂಬು ಹೊಲಿದುಕೊಟ್ಟರು. ಆಗಾಗ ಬಂದು ನೋಡುತ್ತೇನೆ ಎಂದಿದ್ದೆ. ಅದೇನು ಮಹಾ ದೂರ, ಬಸ್ಸು ಹತ್ತಿದರೆ ಬಂದೇಬಿಡಬಹುದು. ಆದರೆ ಮದುವೆ, ಮಗು, ಶಾಲೆ... ಹೋಗಲೇ ಇಲ್ಲ. ಕೊನೆಗೆ ಪರೀಕ್ಷೆಯ ಕೆಲಸಕ್ಕೆಂದು ಆ ಊರಿಗೆ ಹೋದಾಗ ಅವರ ಮನೆಯಲ್ಲಿ ಬೇರೆಯವರಿದ್ದರು. ಸಾಬರು ತೀರಿಕೊಂಡು ಎರಡು ವರ್ಷವಾಗಿತ್ತು. ಗ್ರಾಮಫೋನನ್ನು ಕಿಕ್ಕೇರಿಯ ಕಡೆಯ ನೆಂಟರು ಒಯ್ದರಂತೆ. ಪ್ಲೇಟುಗಳ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಅಂಚೆ ಕಚೇರಿಯಿಂದ ಬಂದ ದಿನ ಫೋನಿನಲ್ಲಿ ಹುಡುಕಿದೆ. ನೆನಪಿದ್ದ ನಾಲ್ಕು ಮಾತು ಬರೆದದ್ದೇ ತಡ, ಆರನೆಯ ಪ್ಲೇಟಿನ ಹಾಡು ಸಿಕ್ಕಿತು. ಕೆಳಗೆ ಸಾಲುಗಳು ಅಚ್ಚಾಗಿ ಒಂದೊಂದೇ ಸರಿದುಹೋಗುತ್ತವೆ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ನಾನು ಅಂದು ಹೇಳಿದ ಅರ್ಥ ಸರಿಯಾಗಿಯೇ ಇತ್ತು. ತಪ್ಪಾಗಿದ್ದರೆ ಒಳ್ಳೆಯದಿತ್ತು.

ನನ್ನ ಯಜಮಾನರು ತೀರಿಹೋಗಿ ನಾಲ್ಕು ವರ್ಷವಾಯಿತು. ಅವರಿಗೆ ಈ ಸಾಬರ ಕಥೆಯನ್ನು ನಾನು ಎಂದೂ ಹೇಳಲಿಲ್ಲ. ಯಾವಾಗಲಾದರೂ ಹೇಳಿದರಾಯಿತು ಅಂದುಕೊಂಡಿದ್ದೆ. ಈಗ ಸಂಜೆ ಹಾಡು ಹಾಕಿಕೊಂಡು ಕೂರುತ್ತೇನೆ. ಮುಗಿದ ಮೇಲೆ, ಅವನು ಏನು ಹೇಳಿದ ಎಂದು ಕೇಳುವವರು ಪಕ್ಕದಲ್ಲಿ ಯಾರೂ ಇರುವುದಿಲ್ಲ.