ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ನಮ್ಮ ಮನೆಯ ಮೊಸರು ಕೆಟ್ಟಾಗ ಮೊದಲ ಅನುಮಾನ ಪಕ್ಕದ ಮನೆಯವರ ಮೇಲೆ ಬಿತ್ತು. ಎರಡನೆಯದು ನನ್ನ ಮೇಲೆ. ಸೊಸೆಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಅದು ಬರೀ ಮೊಸರಾಗಿರಲಿಲ್ಲ. ಅತ್ತೆ ಮದುವೆಯಾಗಿ ಕಾಖಂಡಕಿಯಿಂದ ವಿಜಯಪುರಕ್ಕೆ ಬರುವಾಗ ಅವರ ತಾಯಿ ಸಣ್ಣ ಗಡಿಗೆಯಲ್ಲಿ ಹೆಪ್ಪು ಕಳಿಸಿದ್ದರಂತೆ. ಅಂದಿನಿಂದ ನಿನ್ನೆಯ ಮೊಸರಿನ ಒಂದು ಚಮಚೆ ಇಂದಿನ ಹಾಲಿಗೆ, ಹೀಗೇ ನಡೆದುಬಂದಿತ್ತು. ತಾಯಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆಕೆಯ ಕೈಯದು ಅಂತ ಉಳಿದದ್ದು ಆ ಹೆಪ್ಪೊಂದೇ. ಅದು ಲೋಳೆಯಾಗಿ, ಕಹಿಯಾಗಿ ಕೂತಾಗ ಅತ್ತೆ ಊಟ ಬಿಟ್ಟರು.

"ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಟ್ಟೆ. ಅದಕ್ಕ ಹಿಂಗಾತು," ಎಂದರು.

ಹಿಂದೊಂದು ಸಂಜೆ ಪಕ್ಕದ ಮನೆಯ ಮುಸಲ್ಮಾನ ಹೆಣ್ಣುಮಗಳು ನೆಂಟರು ಬಂದಿದ್ದಾರೆಂದು ಬಟ್ಟಲು ಹಿಡಿದು ಮೊಸರು ಕೇಳಲು ಬಂದಿದ್ದಳು. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಟ್ಟರೆ ಮನೆಯ ಹೈನು ಹೋಗುತ್ತದೆ ಎನ್ನುವವರು ನಾವು. ಅತ್ತೆ ಮುಲಾಜಿಗೆ ಬಿದ್ದು ಕೊಟ್ಟಿದ್ದರು. ಈಗ ಆ ಕಡೆಯ ಕಿಟಕಿಯನ್ನೇ ಮುಚ್ಚಿಬಿಟ್ಟರು.

ನಾನು ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ದೀಪದ ಮಾತು ನಂಬಲಿಲ್ಲ. ಸಾರವಾಡದಿಂದ ಹಾಲು ತರುವವನನ್ನೂ ನಂಬಲಿಲ್ಲ, ಆದರೆ ಅದೇ ಹಾಲಿನ ಚಹಾ ಚೆನ್ನಾಗಿತ್ತು. ಉಳಿದವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಬಸ್ಸಿನಲ್ಲಿ ಕೂತು ಒಂದೊಂದನ್ನೇ ವಿಚಾರಣೆಗೆ ಕರೆದೆ. ಶಿಲೀಂಧ್ರವಾಗಿದ್ದರೆ ಹಳೆಯ ರೊಟ್ಟಿಯ ಬೂಷ್ಟಿನಂತೆ ಮೇಲೆ ಕಾಣಬೇಕಿತ್ತು. ಪಾಚಿಗೆ ಬೆಳಕು ಬೇಕು. ಮಮದಾಪುರದ ಕೆರೆ ಬಿಟ್ಟು ನಮ್ಮ ಅಡಿಗೆಮನೆಯ ಕತ್ತಲಲ್ಲಿ ಅದಕ್ಕೇನು ಕೆಲಸ? ಆಮಶಂಕೆ ತರುವ ಪ್ರೊಟೊಜೋವಾ ನೀರಿನೊಂದಿಗೆ ಬಂದರೂ ಹಾಲು ಕಾಯಿಸಿದರೆ ಸಾಯುತ್ತದೆ. ವೈರಸ್ ಮೇಲೆ ನನಗೆ ಗುಮಾನಿ ಜಾಸ್ತಿಯೇ ಇತ್ತು. ಅದಕ್ಕೆ ಸ್ವಂತ ಸಂಸಾರವಿಲ್ಲ, ಇನ್ನೊಂದು ಜೀವಕೋಶದೊಳಗೆ ಹೊಕ್ಕೇ ಹೆಚ್ಚಬೇಕು. ಮೊಸರಿನ ಬ್ಯಾಕ್ಟೀರಿಯಾವನ್ನೂ ಬಿಡದ ವೈರಸ್‌ಗಳಿವೆ. ಆದರೆ ಅವು ಕೊಲ್ಲಬಲ್ಲವೇ ಹೊರತು ಹಾಲನ್ನು ತಾವೇ ಲೋಳೆ ಮಾಡಲಾರವು. ಕೊನೆಗೆ ಉಳಿದದ್ದು ಬ್ಯಾಕ್ಟೀರಿಯಾ. ಹಾಲನ್ನು ಮೊಸರು ಮಾಡುವುದು ಅದೇ, ಕೆಡಿಸುವವು ಅದರ ದಾಯಾದಿಗಳು. ಒಳ್ಳೆಯವು ಗಡಿಗೆ ತುಂಬ ಇದ್ದರೆ ಕೆಟ್ಟವಕ್ಕೆ ಜಾಗ ಸಿಗುವುದಿಲ್ಲ. ಹಾಗಾದರೆ ನಮ್ಮವು ಎಲ್ಲಿ ಹೋದವು?

ಭಾನುವಾರ ಅಂಗಳದಲ್ಲಿ ಒಣಗಲು ಬೋರಲು ಹಾಕಿದ್ದ ಗಡಿಗೆಯನ್ನು ಮೂಸಿದೆ. ನೀರಿನ ಟಾಕಿ ತೊಳೆದ ದಿನ ಬರುವ ವಾಸನೆ. ಟಾಕಿ ತೊಳೆಯುವವರು ಮಾವ. ಬಸ್ಸಿನ ಡ್ರೈವರಾಗಿ ನಿವೃತ್ತರಾದವರು, ಕಳೆದ ಮಳೆಗಾಲದಲ್ಲಿ ಟೈಫಾಯ್ಡ್ ಬಂದು ಆಸ್ಪತ್ರೆ ಸೇರಿ ಬಂದಿದ್ದರು. ಅಲ್ಲಿಂದ ಬಂದವರು ಚಮಚೆಯನ್ನೂ ಅನುಮಾನದಿಂದ ನೋಡುತ್ತಿದ್ದರು. ಕೇಳಿದರೆ ಏನೂ ಮುಚ್ಚಿಡಲಿಲ್ಲ, ಹೆಮ್ಮೆಯಿಂದಲೇ ಹೇಳಿದರು.

"ಟೈಫಾಯ್ಡ್ ಬ್ಯಾಕ್ಟೀರಿಯಾದಿಂದ ಬಂತಂತ ನೀನಽ ಹೇಳಿದಿ. ಮಸರಾಗೂ ಬ್ಯಾಕ್ಟೀರಿಯಾ ಇರತಾವಂತ ನೀನಽ ಅಂದಿ. ಅದಕ್ಕ ಈಗೀಗ ದಿನಾ ಗಡಿಗಿ ಬ್ಲೀಚಿಂಗ್ ಪೌಡರ್ ನೀರಾಗ ನೆನಿ ಇಡಾಕತ್ತೇನಿ."

ಮಣ್ಣಿನ ಗಡಿಗೆ, ಕುಡಿದದ್ದನ್ನು ಬಿಡುತ್ತದೆಯೇ? ನಮ್ಮ ಒಳ್ಳೆಯವು ಅದರಲ್ಲೇ ಸತ್ತಿದ್ದವು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಒಳಗಿನಿಂದ ಕೇಳಿಸಿಕೊಂಡಿದ್ದ ಅತ್ತೆ ಹೊಸಿಲಿಗೆ ಬಂದು ನಿಂತರು.

"ನಮ್ಮವ್ವನ್ನ ತೊಳದ ಚೆಲ್ಲಿದ್ರಿ," ಎಂದರು ಗಂಡನಿಗೆ. ಮಾವ ತಲೆ ತಗ್ಗಿಸಿದರು.

ಬಬಲೇಶ್ವರದ ನಾದಿನಿಗೆ ಫೋನ್ ಮಾಡಿದೆ. ತವರಿನಿಂದ ಒಯ್ದ ಹೆಪ್ಪನ್ನು ಆಕೆ ಎಂದೋ ಬಿಟ್ಟು ಪಾಕೀಟಿನ ಮೊಸರಿಗೆ ಬಿದ್ದಿದ್ದಳು. ಉಳಿದದ್ದು ಒಂದೇ ಮನೆ. ಅವರೂ ನೆಂಟರಿಗೆ ಬಡಿಸಿ ಮುಗಿಸಿರುತ್ತಾರೆ ಎಂದೇ ನನ್ನ ಅನುಮಾನ. ಅತ್ತೆ ಬಟ್ಟಲು ತೆಗೆದುಕೊಂಡು ಹೊರಟರು, ಹಾಡಹಗಲಲ್ಲಿ. ನಾನು ಹಿಂದೆ ಹೋದೆ.

ಪಕ್ಕದ ಮನೆಯವಳು ಬಟ್ಟಲನ್ನು ನೋಡಿದಳು, ಮುಚ್ಚಿದ ಕಿಟಕಿಯನ್ನು ನೋಡಿದಳು. ಒಳಗೆ ಹೋಗಿ ಪಾತ್ರೆ ತಂದಳು.

"ಅವತ್ತ ಒಯ್ದದ್ದನ್ನಽ ನಡಸಾಕತ್ತೇನ್ರಿ. ನಮ್ಮ ಹೆಪ್ಪು ಬಿಟ್ಟಬಿಟ್ಟೆ, ಇಷ್ಟ ರುಚಿ ಇರಲಿಲ್ರಿ."

ಅತ್ತೆ ಬೆರಳದ್ದಿ ನೆಕ್ಕಿದರು. ಹೌದು, ಅದೇ. ಬಾಗಿಲಲ್ಲೇ ನಿಂತು ಅತ್ತರು.

ಆ ಸಂಜೆ ಅತ್ತೆ ಸ್ಟೀಲಿನ ಪಾತ್ರೆಯಲ್ಲಿ ಹೆಪ್ಪು ಹಾಕಿ, ಕಪಾಟಿನಲ್ಲಿಟ್ಟು, ಬೀಗ ಹಾಕಿದರು. ಆಮೇಲೆ ದೀಪ ಹಚ್ಚಿದರು. ದೀಪ ಹಚ್ಚಿದ ಮೇಲೆ ಹೋಗಿ ಆ ಕಡೆಯ ಕಿಟಕಿ ತೆರೆದು ಕೂಗಿ ಹೇಳಿದರು.

"ನೀವು ಮಾತ್ರ ಅದನ್ನ ಬಿಡಬ್ಯಾಡ್ರಿ. ನಮ್ಮ ಮನ್ಯಾವರನ್ನ ನಂಬಾಕ ಬರಂಗಿಲ್ಲ."