ಅರಮನೆಯಲ್ಲಿ ಕಾಫಿ ಎರೆದ ನನ್ನಣ್ಣ

ನಾನು ಓದಿದ್ದು ಏಳನೇ ಕ್ಲಾಸು. ಆದರೂ ಒಂದು ಅರಬ್ ರಾಜಮನೆತನದ ನಾಲ್ಕು ತಲೆಮಾರಿನ ಕತೆ ನನಗೆ ಗೊತ್ತು. ಅಣ್ಣ ಅವರ ಅರಮನೆಯಲ್ಲಿ ಮೂವತ್ತು ವರ್ಷ ಅತಿಥಿಗಳಿಗೆ ಕಾಫಿ ಎರೆದವನು. ರಜೆಗೆ ಉಡುಪಿಗೆ ಬಂದಾಗಲೆಲ್ಲ ಹೇಳುತ್ತಿದ್ದ: ಮುತ್ತು ತೆಗೆಯುವ ದೋಣಿಗಳಿಂದ ಸುಂಕ ಎತ್ತುತ್ತಿದ್ದ ಮುತ್ತಜ್ಜ, ಎಣ್ಣೆ ಸಿಕ್ಕ ಮೇಲೆ ಮರಳುಗಾಡಿನಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಸಿದ ಮೊಮ್ಮಗ, ತಮ್ಮನಿಗೆ ಪಟ್ಟ ಬಿಟ್ಟುಕೊಟ್ಟ ಅಣ್ಣ. ಆ ಅಣ್ಣ ಸಭೆಗೆ ಬಂದರೆ ದೊರೆಯೇ ಎದ್ದು ನಿಲ್ಲುತ್ತಿದ್ದನಂತೆ. ಮೊದಲ ಬಟ್ಟಲು ಅವನಿಗೇ. ನನ್ನಣ್ಣ ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದಲ್ಲ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಕ್ರಮ ತಪ್ಪದಂತೆ ಎರೆಯುತ್ತಾ ಕಲಿತದ್ದು.

ವಿದೇಶದಲ್ಲಿ, ಎಜುಕೇಶನ್ ಹಿಲ್ ಎಂಬ ಬಡಾವಣೆಯಲ್ಲಿರುವ ಮಗಳ ಮನೆಗೆ ಬಂದ ಮೇಲೆ ನನಗೆ ಪರಿಚಯವಾದವರೆಲ್ಲ ಇಂಜಿನಿಯರುಗಳ ಅಮ್ಮಂದಿರು. ಅವರ ಅಣ್ಣತಮ್ಮಂದಿರು ಡಾಕ್ಟರು, ಪ್ರೊಫೆಸರು. ಒಂದು ದಿನ ನಾನೂ ಹೇಳಿಬಿಟ್ಟೆ, ನಮ್ಮಣ್ಣ ದೊರೆಯ ಸಲಹೆಗಾರನೆಂದು.

ಕಳೆದ ಬೇಸಿಗೆಯಲ್ಲಿ ಅಣ್ಣನೇ ಬಂದ. ಒಂದು ಭಾನುವಾರ ಪಕ್ಕದ ಮನೆಯ ಬೆಂಗಳೂರಿನ ದಂಪತಿ ಊಟಕ್ಕೆ ಬಂದಿದ್ದರು.

"ಅಂಕಲ್, ಕಿಂಗ್‌ಗೇ ಅಡ್ವೈಸರ್ ಆಗಿದ್ರಂತೆ! ಏನ್ ಅಡ್ವೈಸ್ ಕೊಡ್ತಿದ್ರಿ?" ಎಂದು ಗಂಡ ಕೇಳಿದ.

ಅಣ್ಣ ನನ್ನ ಮುಖ ನೋಡಿದ. ನಾನು ಸಾರಿನ ಪಾತ್ರೆ ನೋಡಿದೆ.

"ಹಾಗೆಂತ ಇಲ್ಲ ಮಾರಾಯ್ರೆ. ಸಭೆಯಲ್ಲಿ ಇರ್ತಿದ್ದೆ, ಅಷ್ಟೇ."

"ಒಂದಾದ್ರೂ ಒಳಗಿನ ಕತೆ ಹೇಳಿ ಅಂಕಲ್."

"ಹೇಳ್ಬೇಡಿ ಅಂಕಲ್," ಎಂದಳು ಹೆಂಡತಿ. "ಇವ್ರು ಈಗ್ಲೇ ಗ್ರೂಪ್‌ಗೆ ಹಾಕ್ತಾರೆ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆದರೆ ಕತೆ ಹೇಳಲಿಲ್ಲ. ಯಾವ ಕತೆ ತೆಗೆದರೂ ಅವನ ಕೈಯಲ್ಲಿದ್ದ ಕಾಫಿ ಹೂಜಿಯನ್ನು ಹೇಳದೆ ಮುಂದೆ ಹೋಗುವಂತಿರಲಿಲ್ಲ. ನನ್ನ ಮಾನ ಉಳಿಸಲು ಅವನು ಮಧ್ಯಾಹ್ನವೆಲ್ಲ ಇಲ್ಲಿಯ ಹವೆಯ ಬಗ್ಗೆ ಮಾತಾಡಿದ.

ಅವರು ಹೋದ ಮೇಲೆ ಕೇಳಿದ, "ನನ್ನ ಕೆಲಸ ನಿಂಗೆ ನಾಚಿಕೆಯಾ?"

"ಇಲ್ಲಣ್ಣ. ಏನೋ ಬಾಯಿತಪ್ಪಿ..."

"ಯಾವಾಗ?"

"ನಾಲ್ಕು ವರ್ಷದ ಹಿಂದೆ."

"ನಾಲ್ಕು ವರ್ಷ ಬಾಯಿ ತಪ್ಪಿಯೇ ಇತ್ತಾ ಮಾರಾಯ್ತಿ?"

ಅವನು ಊರಿಗೆ ಮರಳಿದ ಮೇಲೆ ಪಕ್ಕದ ಮನೆಗೆ ಹೋಗಿ ನಿಜ ಹೇಳಿದೆ. "ಅಯ್ಯೋ ಆಂಟಿ, ಅವತ್ತೇ ಹೇಳ್ಬಾರ್ದಿತ್ತಾ? ಸಂಜೆ ತನಕ ಕೂತು ಕೇಳ್ತಿದ್ವಿ," ಎಂದಳು ಅವತ್ತು ಊಟಕ್ಕೆ ಬಂದಿದ್ದ ಆ ಹುಡುಗಿ.

ಅದನ್ನು ಅಣ್ಣನಿಗೆ ಫೋನಿನಲ್ಲಿ ತಿಳಿಸಿದೆ. "ಹೌದಾ" ಎಂದ. ಅರಮನೆಯ ಕತೆ ಒಂದು ಹೇಳು ಎಂದೆ. "ನಿಂಗೆ ಎಲ್ಲ ಗೊತ್ತುಂಟಲ್ಲ" ಎಂದವನು ನನ್ನ ಮೊಮ್ಮಗಳ ಶಾಲೆಯ ಬಗ್ಗೆ ವಿಚಾರಿಸಿದ. ಈಗ ವಾರಕ್ಕೊಮ್ಮೆ ಮಾತಾಡುತ್ತೇವೆ. ಆ ರಾಜಮನೆತನದ ಹೆಸರು ಅವನ ಬಾಯಲ್ಲಿ ಮತ್ತೆ ಬಂದಿಲ್ಲ.