ಬೀಗದಣ್ಣನಿಗೆ ಹೇಳದೇ ಉಳಿದ ಮಾತು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕರಿದ ಕೋಳಿ ಮಾರುವ ಅಂಗಡಿಯೊಂದಿತ್ತು. ಅಲ್ಲಿ ಬಾಣಲೆಯ ಮುಂದೆ ನಿಲ್ಲುವ ಹೆಂಗಸನ್ನು ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ಜಾಲರಿ ಸೌಟು ಯಾರ ಕೈಯಲ್ಲಿದೆಯೋ ಅವರ ಜೊತೆ ನಂಟು ಚೆನ್ನಾಗಿರಲಿ ಎಂಬ ಲೆಕ್ಕಾಚಾರ ಅವರದು.

ಅಕ್ಕನ ಗಂಡ ಗೋಡೆಗೆ ಬಣ್ಣ ಬಳಿಯುವವನು. ಒಂದು ಬೆಳಿಗ್ಗೆ ಏಣಿಯ ಮೇಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ. ಕೆಳಗಿನ ಮೆಟ್ಟಿಲಲ್ಲಿದ್ದುದರಿಂದ ಕೈಕಾಲು ಉಳಿಯಿತು. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರಿಂದ ಜೀವ ಉಳಿಯಿತು. ಮನೆಗೆ ಕಳಿಸುವ ಮುಂಚೆ ಪಥ್ಯ ಹೇಳುವಾಕೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು, ಮೆಡಿಟರೇನಿಯನ್ ಕಡಲ ದಂಡೆಯ ಜನ ಅಡುಗೆ ಮಾಡುವ ರೀತಿಯನ್ನು ವಿವರಿಸಿದಳು. ಆಲಿವ್ ಎಣ್ಣೆ ಸವರಿ ಮೀನು ಬೇಯಿಸಿ, ಕೋಳಿಯ ಚರ್ಮ ತೆಗೆಯಿರಿ, ತರಕಾರಿ ಕಾಳು ಜಾಸ್ತಿ, ಉಪ್ಪು ಕಡಿಮೆ, ಕರಿದದ್ದು ಬೇಡವೇ ಬೇಡ. ಕರಿದದ್ದು ಎಂಬ ಮಾತು ಬಂದಾಗ ಅಕ್ಕ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಂದಿನಿಂದ ಮನೆಯ ಅಡುಗೆ ಬದಲಾಯಿತು. ಮೀನಿಗೆ ಬೆಳ್ಳುಳ್ಳಿ, ನಿಂಬೆರಸ ಹಚ್ಚಿ, ಟೊಮೆಟೊ ಹೋಳುಗಳ ಮೇಲೆ ಮಲಗಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದಳು.

"ಇದೇನೇ, ಮೀನಿಗೆ ಸ್ನಾನ ಮಾಡಿಸಿ ಹಾಗೇ ತಂದಿಟ್ಟಿದೀಯಾ?" ಎಂದ ಗಂಡ.

"ತಲೆ ಒರೆಸೋಕೆ ಪುರುಸೊತ್ತಾಗ್ಲಿಲ್ಲ. ಸುಮ್ನೆ ತಿನ್ನಿ."

ಬರಬರುತ್ತಾ ತಟ್ಟೆಯ ರಸವನ್ನು ರೊಟ್ಟಿಯಿಂದ ಒರೆಸಿ ತಿನ್ನುವಷ್ಟು ಅವನಿಗೆ ಅದು ಹಿಡಿಸಿತು. ಗೆಲುವಾದ, ಏಣಿ ಹತ್ತತೊಡಗಿದ. ಹೆಂಡತಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಮನೆಯಲ್ಲಿ ಗಂಡನ ತಟ್ಟೆಯಿಂದ ಎಣ್ಣೆಯನ್ನು ಓಡಿಸಿ, ಅಂಗಡಿಯಲ್ಲಿ ಊರವರ ಗಂಡಂದಿರಿಗೆ ಅದನ್ನೇ ಬಡಿಸುತ್ತಿದ್ದಳು. ಹೊಟ್ಟೆಪಾಡು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಓಣಿಯ ತುದಿಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದ ಬೀಗದಣ್ಣ ಸಂಜೆಯಾದರೆ ತಪ್ಪದೆ ಬರುತ್ತಿದ್ದ. ಅಕ್ಕನ ಮನೆಯ ಬಾಗಿಲು ಕೈಕೊಟ್ಟಾಗಲೆಲ್ಲ ಪುಕ್ಕಟೆ ಸರಿಮಾಡಿಕೊಟ್ಟವನು. ಆ ಪ್ರೀತಿಗೆ ಅಕ್ಕ ಗರಿಗರಿ ಚರ್ಮದ ತುಂಡುಗಳನ್ನು ಆರಿಸಿ ಅವನ ಪೊಟ್ಟಣಕ್ಕೆ ಮೇಲೊಂದಿಷ್ಟು ಹಾಕುತ್ತಿದ್ದಳು. ಈಚೆಗೆ ಅವನು ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಮಾತಿಗೆ ಮೊದಲು ಕಂಬ ಹಿಡಿದು ನಿಲ್ಲುತ್ತಿದ್ದ. ಎಡಭುಜ ತಿಕ್ಕಿಕೊಳ್ಳುತ್ತಿದ್ದ. ಗಂಡ ಬೀಳುವ ಮುಂಚಿನ ದಿನಗಳಲ್ಲಿ ಅಕ್ಕ ಇದನ್ನೇ ಕಂಡಿದ್ದಳು.

ಒಂದು ಸಂಜೆ ಹೇಳಿಯೇಬಿಡೋಣ ಎಂದು ಬಾಯಿ ತೆರೆದಳು. ಗಲ್ಲಾದ ಹಿಂದೆ ಮಾಲೀಕ ಕೂತಿದ್ದ.

"ಏನಕ್ಕಾ?" ಎಂದ ಬೀಗದಣ್ಣ.

"ಏನಿಲ್ಲ. ಬಿಸಿ ಇದೆ, ನೋಡ್ಕೊಂಡು ತಿನ್ನಿ" ಎಂದಳು. ಕೈ ತನ್ನಷ್ಟಕ್ಕೆ ಮೇಲೊಂದಿಷ್ಟು ಹಾಕಿಬಿಟ್ಟಿತು.

ಆ ವಾರ ಮುಗಿಯುವ ಮೊದಲೇ ಬೀಗದಣ್ಣ ತನ್ನ ಅಂಗಡಿಯ ಬಾಗಿಲೆಳೆಯುವಾಗ ಅಲ್ಲೇ ಕುಸಿದುಬಿದ್ದ. ಸುದ್ದಿ ಬಂದಾಗ ಅಕ್ಕನ ಕೈಯಿಂದ ಸೌಟು ಜಾರಿ ಎಣ್ಣೆ ಸಿಡಿಯಿತು. ಮುಂಗೈ ಸುಟ್ಟಿತು. ತನಗೆ ಇಷ್ಟಾದರೂ ಶಿಕ್ಷೆಯಾಗಲಿ ಎನಿಸಿತು ಅವಳಿಗೆ.

ಬೀಗದಣ್ಣ ಬದುಕಿಕೊಂಡ. ಅವನ ಹೆಂಡತಿ ಅಂಗಡಿಗೆ ಬಂದಾಗ ಅಕ್ಕ ಬೈಗುಳ ತಿನ್ನಲು ತಯಾರಾಗಿ ನಿಂತಳು. ಆಕೆ ಕೇಳಿದ್ದೇ ಬೇರೆ.

"ನಿಮ್ಮೆಜಮಾನ್ರಿಗೂ ಹಿಂಗೇ ಆಗಿತ್ತಂತಲ್ಲ. ಮನೇಲಿ ಏನು ಮಾಡಿ ಹಾಕ್ತೀರಾ? ನನಗೂ ತೋರಿಸಿಕೊಡಿ."

ಮರುದಿನ ಅಕ್ಕ ರಜೆ ಹಾಕಿ ಅವರ ಮನೆಗೆ ಹೋದಳು. ಕೋಳಿಯ ಚರ್ಮ ಸುಲಿದು, ಈರುಳ್ಳಿ, ಟೊಮೆಟೊ, ಬೇಯಿಸಿದ ಕಡಲೆಕಾಳಿನ ಜೊತೆ ಪಾತ್ರೆಗೆ ಹಾಕಿ ಆಲಿವ್ ಎಣ್ಣೆ ಬಿಟ್ಟಳು. ಒಳಕೋಣೆಯಲ್ಲಿ ಬೀಗದಣ್ಣ ನಿದ್ದೆ ಮಾಡುತ್ತಿದ್ದ.

"ನಿಮ್ಮ ಋಣ ಹೆಂಗೆ ತೀರಿಸ್ಲೋ" ಎಂದಳು ಆಕೆ.

ಅಕ್ಕನಿಗೆ ತಡೆಯಲಾಗಲಿಲ್ಲ. "ಹಂಗನ್ನಬೇಡಿ. ಅವರು ಏದುಸಿರು ಬಿಡೋದು, ಭುಜ ತಿಕ್ಕೊಳ್ಳೋದು ಎಲ್ಲಾ ನೋಡಿದ್ದೆ. ಯಾಕೆ ಅಂತ ನನಗೆ ಗೊತ್ತಿತ್ತು. ಮಾಲೀಕರಿಗೆ ಹೆದರಿ ಬಾಯಿ ಮುಚ್ಚಿಕೊಂಡೆ. ಮೇಲಿಂದ ಇನ್ನೊಂದಿಷ್ಟು ಹಾಕಿ ಕೊಟ್ಟೆ."

ಆಕೆ ಒಲೆಯ ಕಡೆಗೆ ತಿರುಗಿದಳು. ಪಾತ್ರೆ ಕೊತಕೊತ ಕುದಿಯುತ್ತಿತ್ತು. ಉಪ್ಪಿನ ಡಬ್ಬಿ ಎಳೆದುಕೊಂಡು, "ಉಪ್ಪು ಎಷ್ಟು ಹಾಕಲಿ?" ಎಂದಳು. ಆ ದನಿಯಲ್ಲಿ ಸಿಟ್ಟಿತ್ತೋ, ಕ್ಷಮೆಯಿತ್ತೋ ಅಕ್ಕನಿಗೆ ತಿಳಿಯಲಿಲ್ಲ. ಊಟ ಮಾಡಿಕೊಂಡು ಹೋಗಿ ಎಂದು ಮಾತ್ರ ಆಕೆ ಕರೆಯಲಿಲ್ಲ.

ಅಕ್ಕ ಕೆಲಸ ಬಿಡಲಿಲ್ಲ. ಬಿಟ್ಟರೆ ಮನೆ ನಡೆಯುವಂತಿರಲಿಲ್ಲ. ಆದರೆ ಪಕ್ಕದ ಒಲೆಯಲ್ಲಿ ದಿನಾ ಒಂದಿಷ್ಟು ಮೀನು ಬೇಯಿಸುತ್ತೇನೆ, ಖರ್ಚಾಗದಿದ್ದರೆ ನಾನೇ ಕೊಂಡೊಯ್ಯುತ್ತೇನೆ ಎಂದು ಮಾಲೀಕನ ಹತ್ತಿರ ಹಟ ಹಿಡಿದಳು. ಅವನು ಗೊಣಗಿಕೊಂಡೇ ಒಪ್ಪಿದ. ಕೊಳ್ಳುವವರು ಕಡಿಮೆ. ಏದುಸಿರು ಬಿಡುತ್ತ ಬಂದವರಿಗೆ, ಮಾಲೀಕ ಕೂತಿದ್ದರೂ ಸರಿ, ಮೊದಲು ಡಾಕ್ಟರಿಗೆ ತೋರಿಸಿ ಎನ್ನುತ್ತಾಳೆ. ಕೆಲವರು ಮುಖ ಸಿಂಡರಿಸಿಕೊಂಡು ಹೋಗುತ್ತಾರೆ.

ಬೀಗದಣ್ಣ ಮತ್ತೆ ಅಂಗಡಿ ತೆರೆದಿದ್ದಾನೆ. ಸಂಜೆ ಬಂದು ಮೀನು ತಿಂದು, ಅಕ್ಕನ ಕೈಗುಣವನ್ನು ಹೊಗಳುತ್ತಾನೆ. ಹೆಂಡತಿ ಅವನಿಗೆ ಏನನ್ನೂ ಹೇಳಿದಂತಿಲ್ಲ. ಅವನು ಹೊಗಳಿದಾಗಲೆಲ್ಲ ಅಕ್ಕ ತಲೆ ತಗ್ಗಿಸಿ ಒಲೆ ಒರೆಸತೊಡಗುತ್ತಾಳೆ.